ಲೆಕ್ಕ ಕೆಟ್ಟಿತೋ, ಬರಹ ಕೆಟ್ಟಿತೋ?

ತಮ್ಮಾ,

ಸ್ಲೈಡರ್ ಎಳೆದರೆ ಅಂಕಿ ಹೊರಳುವಂಥ ಗಣಿತದ ಪಾಠಗಳನ್ನು ನೀನು ಮಾಡಲು ಹಿಡಿದಿದ್ದು ಸಂತೋಷದ ಮಾತು. ಕರಿಹಲಗೆಯ ಮೇಲೆ ಒಂದು ಲೆಕ್ಕಕ್ಕೆ ಒಂದೇ ಉತ್ತರ. ಜಿಯೋಜಿಬ್ರಾ, ಮ್ಯಾಥಮ್ಯಾಟಿಕಾದಂಥ ತಂತ್ರಾಂಶದಲ್ಲಿ ಮಾಡಿದ ಪಾಠದಲ್ಲಾದರೆ ಹುಡುಗರು ತಾವೇ ಅಂಕಿ ಬದಲಿಸಿ, ಉತ್ತರ ಎತ್ತ ಸರಿಯುತ್ತದೆ ಎಂದು ಕಣ್ಣಾರೆ ನೋಡುತ್ತಾರೆ. ಆದರೆ ಇಂಥ ಪಾಠ ಮಾಡುವವರಿಗೆಲ್ಲ ಒಂದು ದಿನ ಬಂದೇ ಬರುತ್ತದೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತು, "ಸರ್, ಮಷೀನು ತಪ್ಪು ಲೆಕ್ಕಾ ಮಾಡ್ತದ" ಅನ್ನುತ್ತಾನೆ. ಆ ದಿನ ಬರುವ ಮೊದಲೇ ನಾಲ್ಕು ಮಾತು ಹೇಳಿಬಿಡುತ್ತೇನೆ, ಕೇಳು.

ಬಹಳ ಸಲ ಲೆಕ್ಕ ಸರಿಯಾಗಿಯೇ ಇರುತ್ತದೆ, ಅದನ್ನು ಬರೆದು ತೋರಿಸುವ ರೀತಿ ಕೆಟ್ಟಿರುತ್ತದೆ. ಇವೆರಡನ್ನೂ ಬೇರೆ ಮಾಡಿ ನೋಡಲು ಕಲಿತವನಿಗೆ ಅರ್ಧ ತಲೆಬ್ಯಾನಿ ಇಳಿದಂತೆ. ನಮ್ಮ ಮಂಗಳವೇಢೆ ಸೀಮೆಯವನಿಗೆ ಇದನ್ನು ತಿಳಿಸಿ ಹೇಳುವುದು ಕಷ್ಟವಲ್ಲ. 12ನೇ ಶತಮಾನದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರದಲ್ಲಿ ಕರಣಿಕರಾಗಿ ಕಾಯಕ ಹಿಡಿದದ್ದು ಈ ಊರಿನಲ್ಲೇ ಎಂದು ನಾವು ನಂಬಿಕೊಂಡು ಬಂದಿದ್ದೇವೆ. ಬರಗಾಲದಲ್ಲಿ ಬೀದರಿನ ಸುಲ್ತಾನರ ಕಣಜ ತೆರೆದು ಹಸಿದವರಿಗೆ ಕಾಳು ಹಂಚಿದರೆಂದು ಜನ ಕೊಂಡಾಡುವ ಸಂತ ದಾಮಾಜಿಪಂತರೂ ಇಲ್ಲಿಯವರೇ. ಕಾಳು, ಕಣಜ, ಕಡತ ಈ ಊರಿಗೆ ಹೊಸವಲ್ಲ. ಹಗೇವಿನಲ್ಲಿ ಇರುವ ಜೋಳ ಒಂದು, ಹಗೇವಿನ ಬಾಯಿಗೆ ಕಟ್ಟಿದ ಚೀಟಿ ಇನ್ನೊಂದು. ಚೀಟಿಯಲ್ಲಿ "ಸುಮಾರು ನಲವತ್ತು ಚೀಲ" ಎಂದು ಬರೆದರೆ ಒಳಗಿನ ಕಾಳು ಹೆಚ್ಚುವುದೂ ಇಲ್ಲ, ಕಡಿಮೆ ಆಗುವುದೂ ಇಲ್ಲ. ತಂತ್ರಾಂಶದ ಸಂಖ್ಯೆಗೂ ತೆರೆಯ ಮೇಲಿನ ಅಂಕಿಗೂ ಇರುವ ಸಂಬಂಧ ಇಷ್ಟೇ. ಮುಂದೆ ಹೇಳುವುದೆಲ್ಲ ಈ ಒಂದು ಮಾತಿನ ವಿಸ್ತಾರ.

ಮೊದಲು ಸುಲಭದ್ದನ್ನು ನೋಡು. ಒಂದು ಎಕರೆ ಎರಿ ಹೊಲ ಮೂವರು ಅಣ್ಣತಮ್ಮಂದಿರಿಗೆ ಪಾಲಾಗಬೇಕು. ಎಕರೆಗೆ 40 ಗುಂಟೆ, ಮೂರರಿಂದ ಭಾಗಿಸಿದರೆ ತಲೆಗೆ 13.33 ಗುಂಟೆ ಎಂದು ತೆರೆ ತೋರಿಸುತ್ತದೆ. ಜಿಯೋಜಿಬ್ರಾ ಸಾಮಾನ್ಯವಾಗಿ ಎರಡು ದಶಾಂಶ ಸ್ಥಾನಕ್ಕೆ ನಿಲ್ಲಿಸುತ್ತದೆ. ಮಕ್ಕಳು ಪಾಟಿಯ ಮೇಲೆ 13.33 ಅನ್ನು ಮೂರು ಸಲ ಕೂಡಿಸಿ 39.99 ತೆಗೆಯುತ್ತಾರೆ, ತೆರೆಯ ಮೇಲೆ ಒಟ್ಟು 40 ಅಂತಲೇ ಇದೆ. "ಉಳಿದ 0.01 ಎಲ್ಲಿ ಹೋಯ್ತು?" ಎಂದು ಕೇಳುತ್ತಾರೆ, ಕೇಳಲೇಬೇಕು. ಒಂದು ಗುಂಟೆ ಎಂದರೆ 1,089 ಚದರ ಅಡಿ, ಅದರ ನೂರನೇ ಪಾಲು ಸುಮಾರು 11 ಚದರ ಅಡಿ. ಬದುವಿನ ಒಂದು ಮೊಳಕ್ಕೆ ಕೋರ್ಟು ಹತ್ತಿದ ಮನೆತನಗಳನ್ನು ಕಂಡ ಊರಿನ ಮಕ್ಕಳಿಗೆ ಅದು ಸಣ್ಣ ಸಂಗತಿಯಲ್ಲ.

ಇಲ್ಲಿ ಯಂತ್ರ ತಪ್ಪಿಲ್ಲ. ಒಳಗೆ 13.3333 ಎಂದು ಉದ್ದಕ್ಕೂ ಮೂರುಗಳನ್ನು ಇಟ್ಟುಕೊಂಡಿದೆ, ಹೊರಗೆ ಎರಡನ್ನಷ್ಟೇ ತೋರಿಸಿದೆ. ಹೊಸಬರು ಇಂಥ ಹೊತ್ತಿನಲ್ಲಿ ಗಾಬರಿಯಾಗಿ ಒಳಗಿನ ಸಂಖ್ಯೆಯನ್ನೇ 13.33ಕ್ಕೆ ಕತ್ತರಿಸಿ ಇಡುತ್ತಾರೆ. ಆಗ ತೆರೆಯೂ ಪಾಟಿಯೂ ಒಂದಾಗುತ್ತವೆ, ನಿಜ. ಆದರೆ ಹೊಲ ಕಡಿಮೆಯಾಯಿತು! ಮುಂದಿನ ಗುಣಾಕಾರ, ಭಾಗಾಕಾರಗಳಲ್ಲಿ ಆ ಕೊರತೆ ಬೆಳೆಯುತ್ತ ಹೋಗುತ್ತದೆ. ದಶಾಂಶ ಸ್ಥಾನ ಕಡಿಮೆ ಮಾಡುವುದೇನಿದ್ದರೂ ಕಟ್ಟಕಡೆಯ ಸಾಲಿನಲ್ಲಿ, ತೋರಿಸುವ ಹೊತ್ತಿಗೆ ಮಾತ್ರ. ಮಕ್ಕಳಿಗೆ "ಇದು ಎರಡು ಸ್ಥಾನಕ್ಕೆ ಸರಿಪಡಿಸಿದ ಉತ್ತರ" ಎಂದು ತೆರೆಯ ಮೇಲೆಯೇ ಒಂದು ಸಾಲು ಬರೆದಿಡು. ಅಲ್ಲಿಗೆ ಜಗಳ ಮುಗಿಯುತ್ತದೆ.

ಇನ್ನು ನಮ್ಮ ಗಡಿಯದೇ ಆದ ಒಂದು ತೊಡಕು. ಇದನ್ನು ಯಾವ ತಂತ್ರಾಂಶದ ಕೈಪಿಡಿಯೂ ನಿನಗೆ ಹೇಳಿಕೊಡುವುದಿಲ್ಲ. ನಮ್ಮ ಕಡೆಯ ಎಷ್ಟೋ ಮನೆತನಗಳಿಗೆ ಇತ್ತ ಮಹಾರಾಷ್ಟ್ರದ ಮಂಗಳವೇಢೆಯಲ್ಲೂ ಹೊಲ, ಅತ್ತ ಕರ್ನಾಟಕದ ಇಂಡಿ, ಚಡಚಣ ಕಡೆಯೂ ಹೊಲ. ಇತ್ತಣ ಸಾತ್‌ಬಾರಾ ಉತಾರದಲ್ಲಿ ಕ್ಷೇತ್ರ ಹೆಕ್ಟೇರ್ ಮತ್ತು ಆರ್‌ಗಳಲ್ಲಿ. ಅತ್ತಣ ಪಹಣಿಯಲ್ಲಿ ಎಕರೆ ಮತ್ತು ಗುಂಟೆಗಳಲ್ಲಿ. ಎರಡರಲ್ಲೂ ನಡುವೆ ಒಂದು ಚುಕ್ಕೆ. ಉತಾರದ 1.20 ಎಂದರೆ ಒಂದು ಹೆಕ್ಟೇರ್ ಇಪ್ಪತ್ತು ಆರ್. ಹೆಕ್ಟೇರಿಗೆ ನೂರು ಆರ್ ಇರುವುದರಿಂದ ಅದನ್ನು ದಶಾಂಶವೆಂದೇ ಓದಿದರೂ ನಡೆಯುತ್ತದೆ. ಪಹಣಿಯ 2.20 ಎಂದರೆ ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. ಅಲ್ಲಿರುವುದು ದಶಾಂಶದ ಚುಕ್ಕೆ ಅಲ್ಲವೇ ಅಲ್ಲ. ನೀನು ಅದನ್ನು ಹಾಗೆಯೇ ತಂತ್ರಾಂಶಕ್ಕೆ ಕೊಟ್ಟರೆ ಅದು ಎರಡು ಎಕರೆ ಎಂಟು ಗುಂಟೆ ಎಂದು ತಿಳಿಯುತ್ತದೆ. ಹನ್ನೆರಡು ಗುಂಟೆ ಹೊಲ ಹೇಳಹೆಸರಿಲ್ಲದೆ ಹೋಯಿತು.

ಸ್ಲೈಡರ್ ಹಚ್ಚಿದಾಗ ಇದು ಇನ್ನೂ ಬಣ್ಣ ಬದಲಿಸುತ್ತದೆ. 0.01ರ ಹೆಜ್ಜೆಯಲ್ಲಿ ಎಳೆಯುತ್ತ ಹೋದರೆ 2.39 ಆದ ಮೇಲೆ 2.40 ಬರುತ್ತದೆ. ಗುಂಟೆಯ ಲೆಕ್ಕದಲ್ಲಿ ಅಲ್ಲಿ ಮೂರು ಎಕರೆ ಆಗಬೇಕಿತ್ತು. ಅದು ನಿಲ್ಲದೆ 2.41, 2.42 ಎಂದು ಇಲ್ಲದ ಗುಂಟೆಗಳನ್ನು ಎಣಿಸುತ್ತ 2.99ರವರೆಗೆ ನಡೆಯುತ್ತದೆ. ಇನ್ನೊಂದು ನೋಡು, ಯಂತ್ರಕ್ಕೆ ಕೊನೆಯ ಸೊನ್ನೆಯ ಬೆಲೆ ಗೊತ್ತಿಲ್ಲ. 2.20 ಅನ್ನು ಎಷ್ಟೋ ಕಡೆ ಸುಮ್ಮನೆ 2.2 ಎಂದು ಬರೆದುಬಿಡುತ್ತದೆ. ಇಪ್ಪತ್ತು ಗುಂಟೆ ಇದ್ದವನಿಗೆ ಎರಡೇ ಗುಂಟೆ ಕಂಡರೆ ಅವನು ತಲಾಠಿಯ ಮನೆ ಬಾಗಿಲಿಗೆ ಹೋಗುತ್ತಾನೆಯೇ ಹೊರತು ನಿನ್ನ ಪಾಠ ನೋಡುವುದಿಲ್ಲ.

ಪರಿಹಾರ ಸರಳವಾಗಿದೆ. ಒಳಗೆ ಎಲ್ಲವನ್ನೂ ಗುಂಟೆಯಲ್ಲೇ ಇಡು. ಚುಕ್ಕೆ ಬೇಡ, ಗೆರೆ ಬೇಡ, ಬರೀ ಪೂರ್ಣಾಂಕ. ಸ್ಲೈಡರ್ 0ಯಿಂದ 400ರವರೆಗೆ, ಹೆಜ್ಜೆ 1. ತೋರಿಸುವಾಗ 40ರಿಂದ ಭಾಗಿಸಿ ಭಾಗಲಬ್ಧವನ್ನು ಎಕರೆಯೆಂದೂ ಶೇಷವನ್ನು ಗುಂಟೆಯೆಂದೂ ಬರೆ. 100 ಗುಂಟೆ ಎಂದರೆ ಭಾಗಲಬ್ಧ 2, ಶೇಷ 20. "2 ಎಕರೆ 20 ಗುಂಟೆ". ಜಿಯೋಜಿಬ್ರಾದಲ್ಲಿ ಡಿವ್ ಮತ್ತು ಮಾಡ್ ಎಂಬ ಎರಡು ಆಜ್ಞೆಗಳು ಈ ಕೆಲಸಕ್ಕೇ ಇವೆ. ಮ್ಯಾಥಮ್ಯಾಟಿಕಾದಲ್ಲಿ ಕ್ವೋಷಂಟ್‌ರಿಮೈಂಡರ್ ಎಂಬ ಒಂದೇ ಆಜ್ಞೆ ಎರಡನ್ನೂ ಕೊಡುತ್ತದೆ. ಜಾಗ ಕಡಿಮೆ ಎಂದು 2-20 ಎಂದು ಬರೆಯುವುದಾದರೆ ಗುಂಟೆಗೆ ಯಾವಾಗಲೂ ಎರಡು ಅಂಕಿ ಇರಲಿ. 81 ಗುಂಟೆಯನ್ನು 2-1 ಎಂದು ಬರೆದರೆ 2-10ರೊಡನೆ ಗೊಂದಲವಾಗುತ್ತದೆ, 2-01 ಎಂದೇ ಬರಬೇಕು. ಆಣೆಯವರೆಗೂ ಇಳಿಯಬೇಕಾದರೆ ಗುಂಟೆಗೆ 16 ಆಣೆ, ಎಕರೆಗೆ 640. ಆಗ ಒಳಗಿನ ಲೆಕ್ಕ ಆಣೆಯಲ್ಲಿರಲಿ. ದುಡ್ಡಿನ ಲೆಕ್ಕವಾದರೆ ಪೈಸೆಯಲ್ಲಿ. ಅತಿ ಸಣ್ಣ ಮಾನದಲ್ಲಿ ಪೂರ್ಣಾಂಕವಾಗಿ ಇಟ್ಟ ಕಾಳಿಗೆ ಹುಳ ಹಿಡಿಯುವುದಿಲ್ಲ.

ತೋರಿಸುವುದು ಒಂದು ಕಷ್ಟವಾದರೆ ತುಂಬಿಸಿಕೊಳ್ಳುವುದು ಇನ್ನೊಂದು. ಸ್ಲೈಡರಿನ ಜೊತೆ ಅಂಕಿ ಬರೆಯುವ ಡಬ್ಬಿ ಕೊಟ್ಟಿರುತ್ತೀ. ಹುಡುಗಿಯೊಬ್ಬಳು ಎರಡು ಎಕರೆ ಇಪ್ಪತ್ತು ಗುಂಟೆ ಎಂದು 2-20 ಒತ್ತಿದಳು ಅನ್ನು. ತಂತ್ರಾಂಶ ಅದನ್ನು ವ್ಯವಕಲನವೆಂದು ತಿಳಿದು ಹೊಲದ ವಿಸ್ತೀರ್ಣ −18 ಎಂದು ತೋರಿಸುತ್ತದೆ! ಜಿಯೋಜಿಬ್ರಾದ ಡಬ್ಬಿಯೂ ಮ್ಯಾಥಮ್ಯಾಟಿಕಾದ ಇನ್‌ಪುಟ್‌ಫೀಲ್ಡೂ ಬರೆದದ್ದನ್ನು ಗಣಿತದ ಉಕ್ತಿಯೆಂದೇ ಓದುವ ಸ್ವಭಾವದವು. ಆಕೆಯನ್ನು ಬಯ್ಯಬೇಡ. ಎಕರೆಗೊಂದು ಡಬ್ಬಿ, ಗುಂಟೆಗೊಂದು ಡಬ್ಬಿ ಕೊಡು. ಗುಂಟೆಯ ಡಬ್ಬಿಯಲ್ಲಿ 40 ಅಥವಾ ಅದಕ್ಕೂ ಹೆಚ್ಚಿನದು ಬಂದರೆ ತಾನೇ ಎಕರೆಗೆ ಏರಿಸುವ ಹಾಗೆ ಮಾಡು.

ಲಕ್ಷದ ಅಲ್ಪವಿರಾಮವೂ ಹೀಗೆಯೇ ಕಾಡುತ್ತದೆ. ಜೋಳ ಮಾರಿ ಬಂದ 1,25,000 ರೂಪಾಯಿಗೆ ವರ್ಷಕ್ಕೆ ಶೇಕಡಾ 8ರಂತೆ ಬಡ್ಡಿ ಎಷ್ಟು ಎಂಬ ಪಾಠ ಮಾಡಿದ್ದೀ ಎಂದಿಟ್ಟುಕೋ. ಉತ್ತರ 10,000 ಬರಬೇಕು. ಬ್ರೌಸರಿನಲ್ಲಿ ಓಡುವ ಪಾಠದಲ್ಲಿ 0.08 ಬಂತು. ಬಡ್ಡಿಯ ಸೂತ್ರವನ್ನು ಹತ್ತು ಸಲ ತಿದ್ದಿದರೂ ಅದು ಬದಲಾಗುವುದಿಲ್ಲ, ಯಾಕೆಂದರೆ ಸೂತ್ರ ಸರಿಯಿದೆ. ಜಾವಾಸ್ಕ್ರಿಪ್ಟಿನ ಪಾರ್ಸ್‌ಫ್ಲೋಟ್ ಬರಹವನ್ನು ಎಡದಿಂದ ಓದುತ್ತ ಹೋಗಿ, ಅಲ್ಪವಿರಾಮ ಕಂಡಲ್ಲಿ ನಿಂತುಬಿಡುತ್ತದೆ. ಅದಕ್ಕೆ ಸಿಕ್ಕಿದ್ದು 1 ಮಾತ್ರ. ಒಂದು ರೂಪಾಯಿಗೆ ಎಂಟು ಪೈಸೆ ಬಡ್ಡಿ, ಲೆಕ್ಕ ಬರೋಬ್ಬರಿ! ಅಷ್ಟೇ ಅಲ್ಲ, ಅದು ತಪ್ಪು ಎಂದು ಕೂಗುವುದೂ ಇಲ್ಲ. ಕೂಗಿದ್ದರೆ ಹುಡುಕುವುದು ಸುಲಭವಿತ್ತು. ಅದಕ್ಕೇ ಓದುವ ಮೊದಲು ಅಲ್ಪವಿರಾಮಗಳನ್ನು ತೆಗೆದುಹಾಕು, ತೋರಿಸುವಾಗ ಮತ್ತೆ ಹಾಕು. ಹಾಕುವಾಗ ನಮ್ಮ ಪದ್ಧತಿಯಲ್ಲೇ ಹಾಕು: ಬಲಗಡೆ ಮೂರು, ಆಮೇಲೆ ಎರಡೆರಡು. 125,000 ಎಂದು ಬರೆದರೆ ನಮ್ಮ ಮಕ್ಕಳು ಒಂದು ಕ್ಷಣ ತಡವರಿಸುತ್ತಾರೆ. ಬ್ರೌಸರಿನಲ್ಲಾದರೆ ಭಾರತದ ಇಂಗ್ಲಿಷ್ ಎಂಬ ಲೊಕೇಲ್, ಅಂದರೆ ಭಾಷೆ-ದೇಶದ ಆಯ್ಕೆ, ಕೊಟ್ಟರೆ ಲಕ್ಷ, ಕೋಟಿಗೆ ಸರಿಯಾಗಿ ಗುಂಪು ಮಾಡಿಕೊಡುತ್ತದೆ.

ದೊಡ್ಡ ಸಂಖ್ಯೆಯ ಇನ್ನೊಂದು ಚಾಳಿ ಮ್ಯಾಥಮ್ಯಾಟಿಕಾದಲ್ಲಿ ನೋಡಬಹುದು. ದಶಾಂಶವಿರುವ ಸಂಖ್ಯೆ ಹತ್ತು ಲಕ್ಷ ಮುಟ್ಟಿತೆಂದರೆ ಅದು 1.23457×10⁶ ಎಂಬ ವೇಷ ಹಾಕುತ್ತದೆ. ಸ್ಲೈಡರ್ ಎಳೆಯುತ್ತಿದ್ದ ಹುಡುಗನಿಗೆ ಹನ್ನೆರಡು ಲಕ್ಷ ಇದ್ದದ್ದು ಒಮ್ಮೆಗೇ ಒಂದೂಚಿಲ್ಲರೆಗೆ ಬಿದ್ದಂತೆ ಕಾಣುತ್ತದೆ. 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ಗಣಿತಸಾರಸಂಗ್ರಹದಲ್ಲಿ 24 ಸ್ಥಾನಗಳಿಗೆ ಹೆಸರು ಕೊಟ್ಟು ಹೋಗಿದ್ದಾರೆ. ಅವರ ನಾಡಿನ ಮಕ್ಕಳು ಏಳನೇ ಸ್ಥಾನಕ್ಕೇ ಮುಗ್ಗರಿಸುವುದು ಬೇಡ. ಅಕೌಂಟಿಂಗ್‌ಫಾರ್ಮ್ ಬಳಸು; ಅದು ಘಾತದ ರೂಪಕ್ಕೆ ಹೋಗುವುದಿಲ್ಲ. ಋಣ ಸಂಖ್ಯೆಯನ್ನು ಮಾತ್ರ ಕಂಸದೊಳಗೆ ಬರೆಯುತ್ತದೆ, ಅದನ್ನು ಮಕ್ಕಳಿಗೆ ಮೊದಲೇ ಹೇಳಿಡು.

ಈಗ ನಮ್ಮೂರಿನ ಮೊಬೈಲಿನ ಮಾತು. ಹುಡುಗಿ ಕಲಿಯುವುದು ಕನ್ನಡ ಮಾಧ್ಯಮ, ಮನೆಯಲ್ಲಿರುವ ಫೋನಿನ ಭಾಷೆ ಮರಾಠಿ. ಅಕ್ಕಲಕೋಟೆಯಲ್ಲೂ ಸೊಲ್ಲಾಪುರದಲ್ಲೂ ಇದು ಮನೆಮನೆಯ ಸ್ಥಿತಿ. ನೀನು ಪಾಠದಲ್ಲಿ "ಫೋನಿನ ಭಾಷೆಗೆ ತಕ್ಕ ಹಾಗೆ ಅಂಕಿ ತೋರಿಸು" ಎಂದು ಬಿಟ್ಟಿದ್ದರೆ ನಿನ್ನ ಗಣಕದಲ್ಲಿ 123 ಎಂದು ಕಂಡದ್ದು ಆ ಫೋನಿನಲ್ಲಿ ದೇವನಾಗರಿ ಅಂಕಿಗಳಾಗಿ ಕಾಣುತ್ತದೆ. ಮರಾಠಿ ಲೊಕೇಲಿಗೆ ಮೂಲದಲ್ಲೇ ದೇವನಾಗರಿ ಅಂಕಿ ಗೊತ್ತುಮಾಡಿದ್ದಾರೆ. ಕನ್ನಡದ ಲೊಕೇಲಿಗೆ ಹಾಗಿಲ್ಲ, ಅಲ್ಲಿ 123 ಎಂದೇ ಬರುತ್ತದೆ. ೧೨೩ ಬೇಕೆಂದರೆ ಬೇರೆಯಾಗಿ ಕೇಳಿ ಪಡೆಯಬೇಕು. ನೋಡುವವರೆಗೆ ತೊಂದರೆಯಿಲ್ಲ, ನಮ್ಮ ಸೀಮೆಯ ಮಕ್ಕಳು ಮೂರೂ ಬಗೆಯ ಅಂಕಿ ಓದುತ್ತಾರೆ. ತೊಂದರೆ ಬರುವುದು ಆ ತೋರಿಸಿದ ಅಂಕಿಯನ್ನೇ ನೀನು ಮತ್ತೆ ಓದಿ ಲೆಕ್ಕಕ್ಕೆ ಹಚ್ಚಿದಾಗ. ಜಾವಾಸ್ಕ್ರಿಪ್ಟಿಗೆ ದೇವನಾಗರಿಯೂ ಕನ್ನಡವೂ ಅಂಕಿಯೇ ಅಲ್ಲ. "ಇದು ಸಂಖ್ಯೆಯಲ್ಲ" ಎಂದು ಕೈಚೆಲ್ಲುತ್ತದೆ. ಪೈಥಾನ್ ಆದರೆ ಎರಡನ್ನೂ ಸರಿಯಾಗಿ ಓದಿಕೊಳ್ಳುತ್ತದೆ. ಜಾವಾಸ್ಕ್ರಿಪ್ಟಿನ ಈ ಸ್ವಭಾವದಿಂದ ನಿನ್ನ ಮೇಜಿನ ಮೇಲೆ ನಡೆದ ಪಾಠ ಅವಳ ಮನೆಯಲ್ಲಿ ಕೆಡುತ್ತದೆ, ನಿನಗೆ ಕಾರಣ ತೋಚುವುದಿಲ್ಲ.

ಇದಕ್ಕೆ ಎರಡು ಎಚ್ಚರಿಕೆ ಸಾಕು. ತೋರಿಸುವ ಲೊಕೇಲ್ ಯಾವುದೆಂದು ನೀನೇ ಬರೆದು ಕೊಡು, ಫೋನಿನ ಮರ್ಜಿಗೆ ಬಿಡಬೇಡ. ತೆರೆಯ ಮೇಲೆ ಬರೆದದ್ದನ್ನು ಎಂದೂ ಮರಳಿ ಓದಿ ಲೆಕ್ಕ ಮಾಡಬೇಡ. ಕಾಳು ಬೇಕಾದಾಗ ಹಗೇವಿಗೆ ಇಳಿಯಬೇಕು, ಚೀಟಿಯನ್ನು ಬೀಸುವ ಕಲ್ಲಿಗೆ ಹಾಕಿದರೆ ಹಿಟ್ಟು ಬೀಳುವುದಿಲ್ಲ. ಕನ್ನಡ ಅಂಕಿಯನ್ನು ಕೀಲಿಮಣೆಯಿಂದ ಒತ್ತಿಸಿಕೊಳ್ಳುವ ಪಾಠವಾದರೆ ಇನ್ನೂ ಒಂದು ನೆನಪಿಡು. ಕನ್ನಡದ ಸೊನ್ನೆಯೂ ಅನುಸ್ವಾರವೂ ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ ಬೇರೆ. ೧೦ ಎಂದು ಕಂಡದ್ದರಲ್ಲಿ ಎರಡನೆಯದು ಸೊನ್ನೆಯೋ ಅನುಸ್ವಾರವೋ ಎಂದು ನಿನ್ನ ಪಾಠವೇ ಪರೀಕ್ಷಿಸಿ ತಿದ್ದಿಕೊಳ್ಳಲಿ.

ಮ್ಯಾಥಮ್ಯಾಟಿಕಾದಲ್ಲಿ ಇದೇ ತಪ್ಪು ಬೇರೆ ವೇಷದಲ್ಲಿ ಬರುತ್ತದೆ. 2007ರಲ್ಲಿ ಅದರ ಆರನೇ ಆವೃತ್ತಿಯೊಡನೆ ಮ್ಯಾನಿಪ್ಯುಲೇಟ್ ಬಂದ ಮೇಲೆ ಸ್ಲೈಡರ್ ಪಾಠ ಮಾಡುವುದು ಒಂದು ಸಾಲಿನ ಕೆಲಸವಾಯಿತು. ಅಂಕಿ ಅಂದವಾಗಿ ಕಾಣಲೆಂದು ನಂಬರ್‌ಫಾರ್ಮ್ ಬಳಸುತ್ತೇವೆ. ಅದು ಸಂಖ್ಯೆಯ ಮೇಲೆ ಹೊದಿಸಿದ ಹೊದಿಕೆ ಅಷ್ಟೇ. ಆ ಹೊದಿಕೆಯ ಸಮೇತ ಚಲಕದಲ್ಲಿ ಇಟ್ಟುಬಿಟ್ಟರೆ ಮುಂದೆ ಅದಕ್ಕೆ 1 ಕೂಡಿಸು ಎಂದಾಗ 4.14 ಬರುವ ಬದಲು "1 + 3.14" ಎಂದು ಹಾಗೆಯೇ ನಿಲ್ಲುತ್ತದೆ. ಜಾವಾಸ್ಕ್ರಿಪ್ಟಿನ ಟುಫಿಕ್ಸ್ಡ್ ಮಾಡುವುದೂ ಅದನ್ನೇ. ಅದು ಕೊಡುವುದು ಬರಹ, ಸಂಖ್ಯೆಯಲ್ಲ. 2.50ಕ್ಕೆ 1 ಕೂಡಿಸಿದರೆ 3.5 ಬದಲು 2.501 ಬರುತ್ತದೆ. ತೆರೆಯ ಮೇಲೆ ಇಂಥ ವಿಚಿತ್ರ ಕಂಡರೆ ಸೂತ್ರವನ್ನು ಕೆದಕಬೇಡ. ಯಾವ ಸಾಲಿನಲ್ಲಿ ಸಂಖ್ಯೆ ಬರಹವಾಯಿತು ಎಂದು ಹುಡುಕು. ಮ್ಯಾಥಮ್ಯಾಟಿಕಾದ ಡೈನಾಮಿಕ್ ಈ ಭೇದವನ್ನು ತನ್ನಲ್ಲೇ ಇಟ್ಟುಕೊಂಡಿದೆ. ಅದರ ಮೊದಲ ಭಾಗ ಏನನ್ನು ತೋರಿಸಬೇಕು ಎಂಬುದು, ಎರಡನೆಯದು ಬಳಸುವವರು ಬದಲಿಸಿದಾಗ ಏನನ್ನು ಇಟ್ಟುಕೊಳ್ಳಬೇಕು ಎಂಬುದು. ಎರಡನ್ನೂ ಬೇರೆಬೇರೆ ಬರೆಯುವ ರೂಢಿ ಮಾಡಿಕೋ.

ಕೆಲವು ತೊಡಕುಗಳಿಗೆ ಮಾತ್ರ ಬರಹ ಕಾರಣವಲ್ಲ, ಯಂತ್ರದ ಒಳಗಿನ ಎಣಿಕೆಯೇ ಕಾರಣ. ಗಣಕ ಎರಡರ ಮಾನದಲ್ಲಿ ಎಣಿಸುತ್ತದೆ, 0.1 ಅದಕ್ಕೆ ಮುಗಿಯದ ಭಿನ್ನರಾಶಿ, ನಮಗೆ ಮೂರನೇ ಒಂದು ಇದ್ದ ಹಾಗೆ. ಅದಕ್ಕೇ 0.1ಕ್ಕೆ 0.2 ಕೂಡಿಸಿದರೆ 0.30000000000000004 ಎಂದು ಬಾಲ ಬೆಳೆಯುತ್ತದೆ. 1.005 ಅನ್ನು ಟುಫಿಕ್ಸ್ಡ್‌ನಿಂದ ಎರಡು ಸ್ಥಾನಕ್ಕೆ ತಂದರೆ 1.01 ಬದಲು 1.00 ಬರುವುದೂ ಇದರಿಂದಲೇ, ಒಳಗಿರುವುದು 1.005ಕ್ಕಿಂತ ಕೂದಲೆಳೆಯಷ್ಟು ಕಡಿಮೆ. ಸ್ಲೈಡರನ್ನು 0.1ರ ಹೆಜ್ಜೆಯಲ್ಲಿ ಕೂಡಿಸುತ್ತ ಹೋಗುವ ಬದಲು 1ರ ಹೆಜ್ಜೆಯಲ್ಲಿ ನಡೆಸಿ ಕೊನೆಗೆ ಹತ್ತರಿಂದ ಭಾಗಿಸು, ಬಾಲಗಳು ಕೂಡಿಕೊಂಡು ಬೆಳೆಯುವುದಿಲ್ಲ. ಇನ್ನು 2.5 ಅನ್ನು ಪೂರ್ಣಾಂಕಕ್ಕೆ ತರುವ ಮಾತು. ಎಕ್ಸೆಲ್ 3 ಅನ್ನುತ್ತದೆ, ಮ್ಯಾಥಮ್ಯಾಟಿಕಾ ಮತ್ತು ಪೈಥಾನ್ 2 ಅನ್ನುತ್ತವೆ. ಅರ್ಧ ಬಂದಾಗ ಹತ್ತಿರದ ಸಮಸಂಖ್ಯೆಗೆ ಹೋಗುವ ನಿಯಮ ಅವುಗಳದು. ಯಾವುದೂ ತಪ್ಪಲ್ಲ. ಮಕ್ಕಳ ಕೈಯಲ್ಲಿರುವ ಬಾಲಭಾರತಿಯ ಪಠ್ಯಪುಸ್ತಕ ಯಾವ ನಿಯಮ ಕಲಿಸುತ್ತದೋ ಅದಕ್ಕೆ ನಿನ್ನ ಪಾಠವನ್ನು ಹೊಂದಿಸು.

ಸಣ್ಣಪುಟ್ಟವು ಎರಡಿವೆ. −0.001 ಅನ್ನು ಎರಡು ಸ್ಥಾನಕ್ಕೆ ತಂದರೆ −0.00 ಎಂದು ಬರುತ್ತದೆ, "ಋಣ ಸೊನ್ನೆ ಅಂದ್ರ ಏನ್ ಸರ್?" ಎಂದು ಕೇಳುವ ಮೊದಲೇ ಆ ಚಿಹ್ನೆಯನ್ನು ಅಳಿಸು. ಎರಡನೆಯದು, ಸ್ಲೈಡರ್ ಎಳೆದಾಗ ಅಂಕಿಗಳು ಅತ್ತಿತ್ತ ಕುಣಿಯುವುದು. 1ರ ಅಗಲವೂ 8ರ ಅಗಲವೂ ಒಂದೇ ಇರುವ ಅಕ್ಷರಶೈಲಿ ಹಾಕು, ಸ್ಥಾನಗಳನ್ನು ಖಾಲಿ ಜಾಗದಿಂದ ತುಂಬಿಸು. ಮ್ಯಾಥಮ್ಯಾಟಿಕಾದ ಪ್ಯಾಡೆಡ್‌ಫಾರ್ಮ್ ಇರುವುದೇ ಇದಕ್ಕೆ. ಬಿಡಿ, ಹತ್ತು, ನೂರು ತಮ್ಮ ಕಂಬದಲ್ಲೇ ನಿಂತರೆ ಮಕ್ಕಳ ಕಣ್ಣು ಅಂಕಿಯ ಬದಲಾವಣೆಯನ್ನು ನೋಡುತ್ತದೆ, ಅದರ ಕುಣಿತವನ್ನಲ್ಲ.

ದೋಷ ಹುಡುಕುವಾಗ ಹಿಡಿಯಬೇಕಾದ ದಾರಿ ಇದು. ಮೊದಲು ಹೊದಿಕೆಗಳನ್ನೆಲ್ಲ ತೆಗೆದು ಬರಿಯ ಸಂಖ್ಯೆಯನ್ನು ನೋಡು: ಜಿಯೋಜಿಬ್ರಾದಲ್ಲಿ ದಶಾಂಶ ಸ್ಥಾನವನ್ನು 10ಕ್ಕೆ ಏರಿಸು, ಮ್ಯಾಥಮ್ಯಾಟಿಕಾದಲ್ಲಿ ಇನ್‌ಪುಟ್‌ಫಾರ್ಮ್ ಕೇಳು, ಬ್ರೌಸರಿನಲ್ಲಿ ಕನ್ಸೋಲ್ ತೆರೆ. ಒಳಗಿನದು ಸರಿಯಿದ್ದರೆ ಸೂತ್ರಕ್ಕೆ ಕೈ ಹಚ್ಚಬೇಡ, ತೋರಿಸುವ ಸಾಲು ತಿದ್ದು. ಆಮೇಲೆ ಆ ಸಂಖ್ಯೆಗೆ 1 ಕೂಡಿಸಿ ನೋಡು. ಕೂಡಲಿಲ್ಲ ಎಂದರೆ ಅದು ಸಂಖ್ಯೆಯಲ್ಲ, ಬರಹ. ಆಮೇಲೆ ಮರಾಠಿಯಲ್ಲಿರುವ ಒಂದು ಫೋನು ಕೇಳಿ ತಂದು ಅದರಲ್ಲಿ ತೆರೆ. ಕೊನೆಗೆ ಅಂಚಿನ ಅಂಕಿಗಳನ್ನು ಹಾಕು: 0, 39, 40, 41, 99,999, 1,00,000, 10,00,000, ಒಂದು ಋಣ ಸಂಖ್ಯೆ, ಒಂದು ಖಾಲಿ ಡಬ್ಬಿ. ನಡುವಿನ ಅಂಕಿಗಳು ಯಾವಾಗಲೂ ಒಳ್ಳೆಯವು, ಕೆಡುವುದೆಲ್ಲ ಅಂಚಿನಲ್ಲೇ.

ಒಂದು ಬಾರಿಗೆ ಒಂದನ್ನೇ ಬದಲಿಸು ಎಂಬುದನ್ನು ಮಾತ್ರ ಬಿಡಬೇಡ. ಅವಸರದಲ್ಲಿ ಸೂತ್ರ, ಲೊಕೇಲ್, ದಶಾಂಶ ಮೂರನ್ನೂ ಒಟ್ಟಿಗೆ ತಿದ್ದಿದರೆ ಪಾಠ ಸರಿಹೋದರೂ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ, ಮುಂದಿನ ಸಲ ಮತ್ತೆ ಮೊದಲಿನಿಂದ.

ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ಹುಲಜಂತಿಯಂಥ ಗಡಿಯ ಊರುಗಳಲ್ಲಿ ಆ ಜೋಳ ಬೆಳೆಯುವವರ ಮಕ್ಕಳು ಕನ್ನಡದಲ್ಲಿ ಗಣಿತ ಕಲಿಯುತ್ತಿದ್ದಾರೆ. ಪುಣೆಯಲ್ಲೋ ಬೆಂಗಳೂರಿನಲ್ಲೋ ಕುಳಿತು ಪಾಠ ಮಾಡುವವರಿಗೆ ಎಕರೆಯ ನಂತರದ ಚುಕ್ಕೆ ದಶಾಂಶವಲ್ಲ ಎಂಬುದು ಹೊಳೆಯುವುದು ಕಷ್ಟ, ಕನ್ನಡ ಶಾಲೆಯ ಹುಡುಗಿಯ ಮನೆಯ ಫೋನು ಮರಾಠಿಯಲ್ಲಿದೆ ಎಂಬುದೂ ಹೊಳೆಯುವುದು ಕಷ್ಟ. ಅದು ನಿನಗೆ ಗೊತ್ತು. ಆದ್ದರಿಂದ ನೀನು ಮಾಡಿದ ಪಾಠವನ್ನು ನಿನ್ನ ಗಣಕದಲ್ಲಿ ಮುಚ್ಚಿಡಬೇಡ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಕನ್ನಡ ಶಾಲೆಗಳ ಮಾಸ್ತರರಿಗೂ ಅಕ್ಕೋರಿಗೂ ಕಳಿಸು, ಜೊತೆಗೆ ಒಳಗಿನ ಲೆಕ್ಕ ಯಾವ ಮಾನದಲ್ಲಿದೆ ಎಂದು ಒಂದು ಸಾಲು ಬರೆದು ಕಳಿಸು. ಅವರು ತಪ್ಪು ತೋರಿಸಿದರೆ ಅಂದೇ ತಿದ್ದು.